ಪಹಣಿಯಲ್ಲಿ ಕಾಣದ ಹೆಸರು

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದೇ ಉಪವಿಭಾಗ. ಇದು ಮಳೆಯನ್ನೇ ನೆಚ್ಚಿಕೊಂಡಿರುವ ನಾಡು. ಇಲ್ಲಿ ಕಡಲೆಕಾಯಿ, ರಾಗಿ ಮತ್ತು ಹುಣಸೆಯೇ ಬಡವರ ಬದುಕಿನ ಆಸರೆ. ಹೊಲದಲ್ಲಿ ಕಳೆ ಕೀಳುವವಳು, ಕಡಲೆಕಾಯಿ ಬಿಡಿಸುವವಳು, ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬೇರ್ಪಡಿಸುವವಳು ಹೆಣ್ಣುಮಗಳು. ಆದರೆ ಅದೇ ಹೊಲದ ಪಹಣಿಯನ್ನು ತೆಗೆದು ನೋಡಿದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಆಕೆಯ ಮಾವನ, ಗಂಡನ ಅಥವಾ ಮಗನ ಹೆಸರು. ಮಹಿಳಾ ಸಮಾನತೆಯನ್ನು ಸರ್ಕಾರದ ಎಲ್ಲ ನೀತಿಗಳಲ್ಲೂ ಅಳವಡಿಸಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಅದು ಎಲ್ಲಿಯವರೆಗೆ ನಡೆದು ಬಂದಿದೆ, ಎಲ್ಲಿ ನಿಂತುಹೋಗಿದೆ ಎಂಬುದನ್ನು ಅರಿಯಲು ಈ ಪಹಣಿಯ ಚರಿತ್ರೆಯೇ ಸಾಕು.

ಚರಿತ್ರೆಯ ಆರಂಭ ಅಭಿಮಾನ ಪಡುವಂಥದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಭಾಗ ಸಲ್ಲಬೇಕೆಂದು ಅದು ವಿಧಿಸಿತು. ಗಡಿಯಾಚೆಯ ಮಡಕಶಿರಾ, ಹಿಂದೂಪುರಗಳು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಬ್ರಿಟಿಷ್ ಭಾರತದಲ್ಲಿ ವಿಧವೆಗೆ ಸೀಮಿತವಾದ ಹಕ್ಕು ದೊರೆಯಲು 1937ನೆಯ ಇಸವಿಯವರೆಗೆ ಕಾಯಬೇಕಾಯಿತು. ಮಧುಗಿರಿಯಲ್ಲಿ ಹುಟ್ಟಿ ಮಡಕಶಿರಾಕ್ಕೆ ಸೊಸೆಯಾಗಿ ಹೋದವಳು ಗಡಿ ದಾಟುತ್ತಲೇ ಕಾನೂನಿನ ರಕ್ಷಣೆಯನ್ನೂ ಕಳೆದುಕೊಳ್ಳುತ್ತಿದ್ದಳು.

ಅರ್ಧ ಶತಮಾನದ ನಂತರ ಪಾತ್ರಗಳು ಅದಲುಬದಲಾದವು. ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳೆಂದು ಆಂಧ್ರಪ್ರದೇಶವು 1986ರಲ್ಲೇ ಕಾನೂನು ಮಾಡಿತು. ಕರ್ನಾಟಕದ ಅಂಥದೇ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದಲ್ಲಿ ಮಾತು, ಸಂತೆ, ನೆಂಟಸ್ತನಗಳೆಲ್ಲ ಗಡಿಯನ್ನು ದಾಟಿ ಬೆಳೆದಿವೆ. ಹೆಣ್ಣಿನ ಹಕ್ಕು ಮಾತ್ರ ಗಡಿಕಲ್ಲಿನ ಬಳಿ ನಿಂತಿತ್ತು. ಎರಡೂ ರಾಜ್ಯಗಳ ಕಾನೂನು ಆ ವೇಳೆಗಾಗಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಿಂದ ಆ ಬೇಲಿಯೂ ಕಳಚಿತು.

ಇಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಒಂದು ಕ್ಷಣ ಯೋಚಿಸುವುದು ಒಳಿತು. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯು ಮಗ, ಮಗಳು ಎಂಬ ಭೇದವನ್ನೇ ಮಾಡುವುದಿಲ್ಲ. ಕೇರಳದ ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ 1986ರಲ್ಲಿ ಗೆದ್ದುಕೊಟ್ಟದ್ದು ಇದೇ ಕಾಯ್ದೆಯ ಸಮಪಾಲನ್ನು. ಕಾನೂನು ನಮ್ಮ ಕಡೆ ಇದ್ದರೂ ತಂದೆಯ ಆಸ್ತಿ ಹಂಚುವಾಗ ಮದುವೆಯ ಖರ್ಚನ್ನೇ ಮಗಳ ಪಾಲೆಂದು ಲೆಕ್ಕಹಾಕುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಪಹಣಿಯ ವಿಷಯಕ್ಕೆ ಮರಳೋಣ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಉಳುವವನೇ ಹೊಲದೊಡೆಯನೆಂಬ ಆ ಘೋಷಣೆ ಲಕ್ಷಾಂತರ ಗೇಣಿದಾರರ ಬಾಳಿಗೆ ಬೆಳಕಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಘೋಷಣೆಯಲ್ಲಿ ‘ಉಳುವವನು’ ಇದ್ದನೇ ಹೊರತು ನಾಟಿ ಮಾಡುವವಳು, ಕಳೆ ಕೀಳುವವಳು ಇರಲಿಲ್ಲ. ಭೂ ನ್ಯಾಯಮಂಡಳಿಗೆ ನಮೂನೆ 7ರ ಅರ್ಜಿ ಹಾಕಿದವನು ಸಾಮಾನ್ಯವಾಗಿ ಮನೆಯ ಯಜಮಾನ, ಹೀಗಾಗಿ ಹಕ್ಕು ಬಂದದ್ದೂ ಅವನ ಹೆಸರಿಗೇ. ಕಾಯ್ದೆಯು ಕುಟುಂಬವನ್ನು ವ್ಯಾಖ್ಯಾನಿಸಿದ ರೀತಿಯಂತೂ ಗಮನಾರ್ಹ. ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು ಮತ್ತು ಅವಿವಾಹಿತ ಹೆಣ್ಣುಮಕ್ಕಳು ಸೇರಿ ಒಂದು ಕುಟುಂಬ. ಹದಿನೆಂಟು ತುಂಬಿದ ಮಗ ಸ್ವತಂತ್ರ ವ್ಯಕ್ತಿ; ನಲವತ್ತಾದರೂ ಮದುವೆಯಾಗದ ಮಗಳು ತಂದೆಯ ಲೆಕ್ಕಕ್ಕೇ ಸೇರಿದವಳು. ಬರೆದವರಿಗೆ ದುರುದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಹೆಣ್ಣಿನ ಗತಿಯೇನೆಂಬ ಪ್ರಶ್ನೆಯನ್ನು ಆ ಮೇಜಿನ ಬಳಿ ಯಾರೂ ಎತ್ತಲಿಲ್ಲ, ಅಷ್ಟೇ.

ಪ್ರಶ್ನೆ ಎತ್ತಿದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ ಪಂಚಾಯತಿ ವ್ಯವಸ್ಥೆಯಲ್ಲಿ 1987ರ ಚುನಾವಣೆಯಿಂದಲೇ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಇಡೀ ದೇಶಕ್ಕೆ ಮೂರನೇ ಒಂದು ಪಾಲನ್ನು ನೀಡುವ ಆರು ವರ್ಷ ಮೊದಲೇ ನಮ್ಮ ಮಂಡಲ ಪಂಚಾಯತಿಗಳಲ್ಲಿ ಹೆಣ್ಣುಮಕ್ಕಳು ಕುಳಿತಿದ್ದರು. ಕೊಳವೆಬಾವಿಗಳನ್ನು ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರೂ ಅವರೇ. ಅದನ್ನು ಯಾರೂ ಮಹಿಳಾ ಯೋಜನೆಯೆಂದು ಕರೆಯಲಿಲ್ಲ. ಆದರೆ ಕೊಡ ಹೊತ್ತು ನಡೆಯುವ ದೂರ ತಗ್ಗಿದ್ದು ಯಾರಿಗೆಂಬುದು ಹಳ್ಳಿಯವರಿಗೆ ಗೊತ್ತು. (ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು, ಮೂಳೆಗಳನ್ನು ತಿಂದ ಕಥೆ ಬೇರೆಯೇ ಇದೆ.) 2010ರಲ್ಲಿ ಮೀಸಲಾತಿ ಅರ್ಧಕ್ಕೆ ಏರಿತು. ಆದರೆ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಭೆಯೇ ಇಲ್ಲದ ಮೇಲೆ ಅರ್ಧ ಪಾಲಿನಿಂದ ಯಾರಿಗೆ ಪ್ರಯೋಜನ?

1995ರ ಸೆಪ್ಟೆಂಬರಿನಲ್ಲಿ ಬೀಜಿಂಗ್ ನಗರದಲ್ಲಿ ವಿಶ್ವಸಂಸ್ಥೆಯ ನಾಲ್ಕನೆಯ ಮಹಿಳಾ ಸಮ್ಮೇಳನ ಸೇರಿತು. ಯಾವುದೇ ಇಲಾಖೆಯು ಯಾವುದೇ ನಿರ್ಧಾರ ಕೈಗೊಳ್ಳುವ ಮುನ್ನ ಅದರಿಂದ ಹೆಣ್ಣು ಮತ್ತು ಗಂಡಿನ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕೆಂಬುದು ಅಲ್ಲಿನ ಮುಖ್ಯ ಒತ್ತಾಸೆ. ಅದೇ ವರ್ಷ ಕರ್ನಾಟಕವು ‘ಕರ್ನಾಟಕ ಮಹಿಳಾ ಅಭಿವೃದ್ಧಿ ಯೋಜನೆ’ಯಡಿ, ಎಲ್ಲ ಇಲಾಖೆಗಳ ವೈಯಕ್ತಿಕ ಫಲಾನುಭವಿ ಕಾರ್ಯಕ್ರಮಗಳ ಮೂರನೇ ಒಂದು ಭಾಗ ಮಹಿಳೆಯರಿಗೆ ಸಲ್ಲಬೇಕೆಂದು ಆದೇಶಿಸಿತು. 2007-08ರಿಂದ ಮಹಿಳಾ ಉದ್ದೇಶಿತ ಆಯವ್ಯಯ ಎಂಬ ಪ್ರತ್ಯೇಕ ಪುಸ್ತಕವೂ ಬರತೊಡಗಿತು. ಇವು ಒಳ್ಳೆಯ ಕ್ರಮಗಳೇ. ಆದರೂ ಇಂಥ ಲೆಕ್ಕದಲ್ಲಿ ಕಾಣುವುದು ಹಂಚುವ ಹಣ ಮಾತ್ರ. ದೊಡ್ಡ ಯೋಜನೆಯೊಂದು ಯಾರ ದುಡಿಮೆಯನ್ನು ಕಿತ್ತುಕೊಳ್ಳುತ್ತದೆಂಬುದು ಆಯವ್ಯಯದ ಯಾವ ಕಲಮಿನಲ್ಲೂ ಬರುವುದಿಲ್ಲ.

ಪಾವಗಡದಲ್ಲಿ ಆದದ್ದು ಅದೇ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿತು. ಮೊದಲ ಹಂತದ ಉದ್ಘಾಟನೆ 2018ರ ಮಾರ್ಚ್ 1ರಂದು ನಡೆಯಿತು. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷಗಳ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ವಿವೇಕದ ಕ್ರಮ. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತದೆ. ಬರದಲ್ಲಿ ಬೆಂದ ರೈತನಿಗೆ ನಿಶ್ಚಿತ ಆದಾಯ ಸಿಕ್ಕಿತು. ಜಮೀನೂ ಅವನದಾಗಿಯೇ ಉಳಿಯಿತು.

ಆದರೆ ಬಾಡಿಗೆ ಸಲ್ಲುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತ ಹೆಣ್ಣುಮಕ್ಕಳಿಗೆ, ಅವರಲ್ಲೂ ದಲಿತ ಕುಟುಂಬದವರಿಗೆ, ಬಿತ್ತನೆ ನಿಂತಾಗ ಕೂಲಿಯೂ ನಿಂತಿತು. ಕುರಿ, ಮೇಕೆ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆತವಾದರೂ ಹೋದ ಕೂಲಿಗೆ ಅವು ಸಾಟಿಯಾಗಲಿಲ್ಲ. ಗುತ್ತಿಗೆಯ ಪತ್ರವನ್ನು ಬರೆಯುವಾಗ ಭೂಮಾಲೀಕನ ಹಿತವನ್ನು ಅಷ್ಟು ಜಾಗರೂಕತೆಯಿಂದ ಕಾಯ್ದವರಿಗೆ ಕೂಲಿಯವಳಿಗಾಗಿ ಒಂದು ಷರತ್ತನ್ನು ಸೇರಿಸುವುದು ಅಸಾಧ್ಯವೇನಾಗಿರಲಿಲ್ಲ.

ವಿಪರ್ಯಾಸವೆಂದರೆ, ಅದೇ ಹೆಣ್ಣುಮಗಳು ಆಹಾರ ಇಲಾಖೆಯ ದೃಷ್ಟಿಯಲ್ಲಿ ಮನೆಯ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಗೆ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯನ್ನಾಗಿಸಿತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೇ ಬಂದಿತು. ಆಶ್ರಯ ಮನೆಯ ಹಕ್ಕುಪತ್ರವೂ ಸಾಮಾನ್ಯವಾಗಿ ಅವಳ ಹೆಸರಿನಲ್ಲೇ. ಒಂದು ಕಚೇರಿಯಲ್ಲಿ ಯಜಮಾನಿಯಾದವಳು ಪಕ್ಕದ ಕಂದಾಯ ಕಚೇರಿಯಲ್ಲಿ ಯಾರೂ ಅಲ್ಲ.

ಸೌರ ಪಾರ್ಕಿನ ಗುತ್ತಿಗೆಗಳು ಮುಗಿಯುವುದು 2040ರ ದಶಕದಲ್ಲಿ. ಅಷ್ಟರೊಳಗೆ ಸಹಿ ಹಾಕಿದ ಅನೇಕ ಹಿರಿಯರು ಕಾಲವಾಗಿರುತ್ತಾರೆ. ಪೌತಿ ಖಾತೆಗಾಗಿ ವಾರಸುದಾರರು ನಾಡಕಚೇರಿಗೆ ಬರುತ್ತಾರೆ. ಕಾನೂನಿನ ಪ್ರಕಾರ ಹೆಣ್ಣುಮಕ್ಕಳ ಹೆಸರೂ ಆ ಅರ್ಜಿಯಲ್ಲಿರಬೇಕು. ಅಣ್ಣತಮ್ಮಂದಿರೊಡನೆ ತವರಿನ ನಂಟು ಕೆಡಬಾರದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮ ಮತ್ತು ಒಂದು ಸೀರೆಯೊಡನೆ ಊರಿಗೆ ಮರಳುವ ವಾಡಿಕೆ ಇಲ್ಲಿಯ ಮನೆಗಳಲ್ಲಿ ಇನ್ನೂ ನಡೆದಿದೆ.