ಮೆಕ್ಸಿಕೋದ ಮೌನ ಪ್ರತಿಭಟನೆ

ಆಟದಲ್ಲಿ ರಾಜಕೀಯ ಬೆರೆಯಬಾರದೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹಲವರು ಆಡಿಯೂ ಇದ್ದೇವೆ. ಆದರೆ ಯಾವುದು ರಾಜಕೀಯ, ಅದನ್ನು ತೀರ್ಮಾನಿಸುವವರು ಯಾರು? 1968ರ ಮೆಕ್ಸಿಕೋ ಒಲಿಂಪಿಕ್ ಕ್ರೀಡೆಗಳಲ್ಲಿ ನಡೆದ ಪ್ರಸಂಗವೊಂದು ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು.

ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಗಿತ್ತು. ಅಲ್ಲಿನ ಕಪ್ಪು ಜನರಿಗೆ ಕಾನೂನಿನಲ್ಲಿ ದೊರೆತಿದ್ದ ಸಮಾನತೆ ಬಾಳಿನಲ್ಲಿ ದೊರೆತಿರಲಿಲ್ಲ. ಪದಕ ತಂದವನನ್ನು ನಮ್ಮವನೆಂದು ಕೊಂಡಾಡಿದ ಊರಿನಲ್ಲೇ ಅವನಿಗೆ ಬಾಡಿಗೆಯ ಮನೆ ಸಿಕ್ಕುವುದು ಕಷ್ಟವಾಗಿತ್ತು.

ಅಕ್ಟೋಬರ್ 16ರಂದು 200 ಮೀಟರ್ ಓಟ ನಡೆಯಿತು. ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಮಾಡಿದರು. ಎರಡನೆಯವರು ಆಸ್ಟ್ರೇಲಿಯದ ಬಿಳಿಯ ಓಟಗಾರ ಪೀಟರ್ ನಾರ್ಮನ್. ಮೂರನೆಯವರು ಅಮೆರಿಕದವರೇ ಆದ ಜಾನ್ ಕಾರ್ಲೋಸ್. ಪದಕ ಪಡೆಯಲು ಸ್ಮಿತ್, ಕಾರ್ಲೋಸ್ ಇಬ್ಬರೂ ತಮ್ಮವರ ಬಡತನದ ಗುರುತಾಗಿ ಬೂಟು ಕಳಚಿ, ಬರಿಯ ಕಪ್ಪು ಕಾಲುಚೀಲದಲ್ಲಿ ಬಂದರು. ರಾಷ್ಟ್ರಗೀತೆ ಮೊಳಗಿದಾಗ ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ಇದ್ದುದು ಒಂದೇ ಜೊತೆ ಕೈಗವಸು. ಬಲಗೈಯದು ಸ್ಮಿತ್‌ರಿಗೆ, ಎಡಗೈಯದು ಕಾರ್ಲೋಸ್‌ರಿಗೆ. ನಾರ್ಮನ್ ಕೈಯೆತ್ತಲಿಲ್ಲ, ಆದರೆ ಅವರಿಬ್ಬರಂತೆಯೇ ಮಾನವ ಹಕ್ಕುಗಳ ಬಿಲ್ಲೆಯನ್ನು ಎದೆಗೆ ಧರಿಸಿ ಜೊತೆಗೆ ನಿಂತರು.

ಮೂವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಆದರೂ ಕ್ರೀಡಾಂಗಣದಲ್ಲಿ ಮೂದಲಿಕೆಯ ಕೂಗೆದ್ದಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಆವೆರಿ ಬ್ರಂಡೇಜ್ ಪಟ್ಟು ಹಿಡಿದರು. ಅಮೆರಿಕದವರಿಬ್ಬರನ್ನೂ ತಂಡದಿಂದ ತೆಗೆದು ಊರಿಗೆ ಕಳುಹಿಸಲಾಯಿತು. 1936ರ ಬರ್ಲಿನ್ ಕ್ರೀಡೆಗಳಲ್ಲಿ ನಾಜಿ ವಂದನೆ ನಡೆದಾಗ ಇದೇ ಬ್ರಂಡೇಜ್ ಅಮೆರಿಕದ ಒಲಿಂಪಿಕ್ ಸಮಿತಿಯ ಮುಖ್ಯಸ್ಥರು; ಆಗ ಅವರು ಆಕ್ಷೇಪಿಸಿರಲಿಲ್ಲ. ಆಳುವವರ ಕೈ ಮೇಲೆದ್ದರೆ ಅದು ಸಂಪ್ರದಾಯ, ನೊಂದವರ ಕೈ ಮೇಲೆದ್ದರೆ ರಾಜಕೀಯ!

ಊರಿಗೆ ಮರಳಿದವರಿಗೆ ಕೊಲೆ ಬೆದರಿಕೆಗಳು ಬಂದುವು, ಜೀವನೋಪಾಯವೂ ಕಷ್ಟವಾಯಿತು. ಜನರ ಮನಸ್ಸು ನಿಧಾನವಾಗಿ ತಿರುಗಿತು. ಅವರು ಓದಿದ ಸ್ಯಾನ್ ಹೋಸೆಯ ವಿಶ್ವವಿದ್ಯಾನಿಲಯದಲ್ಲಿ 2005ರಲ್ಲಿ ಅವರ ಪ್ರತಿಮೆಗಳು ನಿಂತುವು. ಅಲ್ಲಿ ನಾರ್ಮನ್‌ರ ಮೆಟ್ಟಿಲು ಬರಿದಾಗಿದೆ. ಬಂದವರು ಅಲ್ಲಿ ನಿಲ್ಲಲೆಂಬುದು ಅವರದೇ ಅಪೇಕ್ಷೆ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಸ್ಮಿತ್, ಕಾರ್ಲೋಸ್ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2012ರಲ್ಲಿ ಆಸ್ಟ್ರೇಲಿಯದ ಪಾರ್ಲಿಮೆಂಟಿನ ಕೆಳಮನೆ ಗತಿಸಿದ ನಾರ್ಮನ್‌ರ ಕ್ಷಮೆ ಕೋರಿತು.

ಅಂದು ದೇಶಕ್ಕೆ ಅವಮಾನವೆನಿಸಿದ್ದು ಪ್ರತಿಮೆಯಾಗಲು 37 ವರ್ಷ ಹಿಡಿಯಿತು. ಆ ವಿಳಂಬದ ಬೆಲೆ ತೆತ್ತವರು ಆ ಓಟಗಾರರೇ. ಇನ್ನೊಮ್ಮೆ ಆಟಗಾರನೊಬ್ಬ ಹೀಗೆ ನಿಂತಾಗ, ರೇಗುವ ಮೊದಲು ಅವನು ಹೇಳುತ್ತಿರುವುದೇನೆಂದು ಕೇಳುವುದು ನಮ್ಮ ಕೈಯಲ್ಲಿದೆ.