ಆಂಪ್ಲಿಫೈಯರ್ ಕೊಳ್ಳುವ ಮುನ್ನ ಸ್ಪೀಕರ್ ನೋಡಿ

ಮನೆಯ ಸ್ಟೀರಿಯೊಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ವಾಲ್ವ್‌ಗಳ ಬದಲು ಟ್ರಾನ್ಸಿಸ್ಟರ್ ಬಳಸುವ ‘ಸಾಲಿಡ್ ಸ್ಟೇಟ್’ ಆಂಪ್ಲಿಫೈಯರ್‌ಗಳಲ್ಲಿ ವ್ಯಾಟ್‌ಗೆ ಕೊರತೆಯಿಲ್ಲ. ಅದು ಯಾವ ಸ್ಪೀಕರ್‌ಗಳನ್ನು ನುಡಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಸ್ಪೀಕರ್‌ನ ಕೈಪಿಡಿಯಲ್ಲಿ ಎರಡು ಅಂಕಿಗಳನ್ನು ಗಮನಿಸಬೇಕು. ಮೊದಲನೆಯದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಕೇಳಿಸುತ್ತದೆ ಎಂಬುದರ ಅಳತೆ ಇದು. 89 ಡೆಸಿಬೆಲ್‌ನ ಸ್ಪೀಕರ್‌ಗೆ ಸರಿಸಮನಾಗಿ ನುಡಿಯಲು 86 ಡೆಸಿಬೆಲ್‌ನ ಸ್ಪೀಕರ್‌ಗೆ ಎರಡು ಪಟ್ಟು ವ್ಯಾಟ್ ಬೇಕು. ಕಿವಿಗೆ ಸದ್ದು ಇಮ್ಮಡಿಸಿದಂತೆ ತೋರಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಹಾಗಾಗಿ 50 ವ್ಯಾಟ್ ಬಿಟ್ಟು 60 ವ್ಯಾಟ್‌ಗೆ ಹೆಚ್ಚು ಹಣ ತೆರುವುದು ವ್ಯರ್ಥ. ವ್ಯತ್ಯಾಸ ಒಂದು ಡೆಸಿಬೆಲ್ ಕೂಡ ಆಗದು.

ಎರಡನೆಯದು ಇಂಪೀಡೆನ್ಸ್, ಅಂದರೆ ಓಮ್ ಲೆಕ್ಕ. 8 ಓಮ್‌ನ ಸ್ಪೀಕರ್ ಬಹುತೇಕ ಎಲ್ಲ ಆಂಪ್ಲಿಫೈಯರ್‌ಗಳಿಗೂ ಹೊಂದುತ್ತದೆ. 4 ಓಮ್‌ನದು ಅಷ್ಟೇ ವೋಲ್ಟೇಜಿಗೆ ದುಪ್ಪಟ್ಟು ವಿದ್ಯುತ್ ಪ್ರವಾಹ ಎಳೆಯುತ್ತದೆ. ಸಾಧಾರಣ ಆಂಪ್ಲಿಫೈಯರ್ ಇದನ್ನು ತಾಳದೆ ಕಾಯುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ.

ಪೆಟ್ಟಿಗೆಯ ಮೇಲಿನ ‘ಪಿಎಂಪಿಒ’ ಸಾವಿರಗಳನ್ನು ಮರೆಯುವುದು ಲೇಸು. ಎರಡೂ ಚಾನೆಲ್‌ಗಳು ಒಟ್ಟಿಗೆ ದುಡಿಯುವಾಗ ನಿರಂತರವಾಗಿ ದೊರೆಯುವ ‘ಆರ್‌ಎಂಎಸ್’ ವ್ಯಾಟ್ ಮಾತ್ರ ನಂಬಲರ್ಹ. ಇಂತಹ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ರೂಪಿಸಿತ್ತು. 2024ರಲ್ಲಿ ಅದನ್ನು ಪರಿಷ್ಕರಿಸಿತು. 1978ರಲ್ಲಿ ಬಂದು ಮನೆಮಾತಾದ ಎನ್‌ಎಡಿ 3020 ಆಂಪ್ಲಿಫೈಯರ್‌ನ ಘೋಷಿತ ಸಾಮರ್ಥ್ಯ ಚಾನೆಲ್ ಒಂದಕ್ಕೆ ಬರೀ 20 ವ್ಯಾಟ್!

ಹಾಗೆಂದು ತೀರಾ ಚಿಕ್ಕದನ್ನು ತಂದು ವಾಲ್ಯೂಮನ್ನು ತುದಿಗೆ ತಿರುಗಿಸಿಡುವುದೂ ಅಪಾಯಕಾರಿ. ಶಕ್ತಿ ಮೀರಿ ದುಡಿಯುವ ಆಂಪ್ಲಿಫೈಯರ್ ಧ್ವನಿಯ ಅಲೆಯ ತುದಿಗಳನ್ನು ಕತ್ತರಿಸುತ್ತದೆ. ಒರಟಾದ ಆ ಸದ್ದಿಗೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಸ್ಪೀಕರ್‌ನ ಟ್ವೀಟರ್.

‘ಕ್ಲಾಸ್ ಎಬಿ’ ಮಾದರಿಗಳು ಗಣನೀಯ ಪ್ರಮಾಣದ ವಿದ್ಯುತ್ತನ್ನು ಶಾಖವಾಗಿ ಹೊರಬಿಡುವುದರಿಂದ ಅವನ್ನು ಷೋಕೇಸಿನಲ್ಲಿ ಮುಚ್ಚಿಡಬಾರದು. ‘ಕ್ಲಾಸ್ ಡಿ’ ಮಾದರಿಗಳ ದಕ್ಷತೆ ಶೇ 90ರ ಆಸುಪಾಸು. ತಂಪಾಗಿಯೂ ಹಗುರವಾಗಿಯೂ ಇರುತ್ತವೆ. ಅವುಗಳ ಧ್ವನಿ ಕಳಪೆ ಎಂಬ ಹಳೆಯ ದೂರು ಉತ್ತಮ ತಯಾರಿಕೆಗಳಿಗೆ ಈಗ ಅನ್ವಯಿಸದು.

ಅಮೆರಿಕದಲ್ಲಿರುವ ಬಂಧುಗಳಿಂದ ತರಿಸುವವರಿಗೊಂದು ಎಚ್ಚರಿಕೆ: ಅಲ್ಲಿನ ವಿದ್ಯುತ್ 120 ವೋಲ್ಟ್, ಇಲ್ಲಿ 230. ಉಪಕರಣ 230 ವೋಲ್ಟ್‌ಗೂ ಹೊಂದುತ್ತದೆಯೇ ಎಂದು ಹಿಂಬದಿಯ ಫಲಕ ನೋಡದೆ ಪ್ಲಗ್ ಚುಚ್ಚಬಾರದು. ಹೊಂದದಿದ್ದರೆ ತಕ್ಕ ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಅನಿವಾರ್ಯ.