ಹಿಡಿಯುವವರ ಬೆಲೆ: ಮುಂಬಯಿಯ ಕಬಡ್ಡಿಯಲ್ಲಿ ರಕ್ಷಕರ ಗುಣಪರೀಕ್ಷೆಯ ಚರಿತ್ರೆ

ಕಬಡ್ಡಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ದಾಳಿಗಾರರ ಚರಿತ್ರೆಯನ್ನೇ ಬರೆದಿದ್ದಾರೆ. ಎದುರಾಳಿಯ ಅಂಗಣವನ್ನು ಒಬ್ಬಂಟಿಯಾಗಿ ಹೊಕ್ಕು, ಉಸಿರು ಬಿಗಿಹಿಡಿದು, ಇಬ್ಬರನ್ನೋ ಮೂವರನ್ನೋ ಮುಟ್ಟಿ ಮಧ್ಯರೇಖೆಗೆ ಮರಳುವವನ ಪರಾಕ್ರಮವು ಎಂಥವನ ಕಣ್ಣಿಗಾದರೂ ಬೀಳತಕ್ಕದ್ದು. ಅವನ ಹೆಸರಿನ ಮುಂದೆ ಅಂಕವೂ ಒಡನೆಯೇ ಬೀಳುತ್ತದೆ. ಅವನನ್ನು ಹಿಡಿಯಲು ನಿಂತ ಏಳು ಮಂದಿಯ ಪಾಡು ಹಾಗಲ್ಲ. ಅವರಲ್ಲೊಬ್ಬನಿಗೆ ಅಂಜಿಯೇ ದಾಳಿಗಾರನು ಆ ಮಗ್ಗುಲಿಗೆ ಕಾಲಿಡದೆ ಬರಿಗೈಯಲ್ಲಿ ಹಿಂದಿರುಗಿದನೆಂದಿಟ್ಟುಕೊಳ್ಳೋಣ. ಲೆಕ್ಕದ ಪುಸ್ತಕದಲ್ಲಿ ಅದೊಂದು ಖಾಲಿ ದಾಳಿ, ಅಷ್ಟೆ. ಕಾಲೇಜು ಹಾಗೂ ವಿಶ್ವವಿದ್ಯಾನಿಲಯಗಳ ಅಂಗಣದಲ್ಲಿ ಆಡುತ್ತಿರುವ ತರುಣ ರಕ್ಷಕನು ಹಣಕ್ಕಾಗಿ ಆಡುವ ದೊಡ್ಡ ಆಟಕ್ಕೆ ತಕ್ಕವನೇ ಅಲ್ಲವೇ ಎಂಬುದನ್ನು ಯಾರು ಯಾವ ಮಾನದಂಡದಿಂದ ನಿರ್ಣಯಿಸುತ್ತ ಬಂದರೆಂಬುದೇ ಪ್ರಸ್ತುತ ಲೇಖನದ ವಿಚಾರ. ಘಾಟ್ಕೋಪರಿನಂತಹ ಉಪನಗರದಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವೂ ಉಂಟು: ಪಂತ್‌ನಗರದಿಂದ ಅಸಲ್ಫಾ ಗುಡ್ಡದವರೆಗಿನ ವಸತಿಗಳಲ್ಲಿ ಈ ಆಟ ಇಂದಿಗೂ ಮಂಡಳಗಳ ಆಶ್ರಯದಲ್ಲಿ, ದೀಪದ ಬೆಳಕಿನಲ್ಲಿ, ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತಿರುತ್ತದೆ, ಅದರ ಅಂಚಿನಲ್ಲಿ ನಿಂತ ಹಿರಿಯರ ಬಾಯಲ್ಲಿ ‘ಪಕಡ್ ಚೆನ್ನಾಗಿದೆ’ ಎಂಬ ಎರಡು ಶಬ್ದಗಳ ತೀರ್ಪೇ ಬಹುಕಾಲ ಒಬ್ಬ ಹುಡುಗನ ಭವಿಷ್ಯವನ್ನು ನಿಶ್ಚಯಿಸುತ್ತಿತ್ತು.

ಮೊದಲು ಅಂಗಣದ ಅಳತೆಯನ್ನು ನೋಡಬೇಕು. ಪುರುಷರ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ತಂಡದ ಪಾಲಿಗೆ ಆರೂವರೆ ಮೀಟರಿನ ಆಳ. ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ರೇಖೆ, ಅದರಾಚೆ ಒಂದು ಮೀಟರಿಗೆ ಬೋನಸ್ ರೇಖೆ, ಉಳಿಯುವುದು 1.75 ಮೀಟರಿನ ಪಟ್ಟಿ ಮಾತ್ರ. ಎಡ ಬಲ ಮೂಲೆಗಳ ಕಾರ್ನರ್ ಆಟಗಾರರು ತಮ್ಮ ಬದುಕನ್ನೆಲ್ಲ ಕಳೆಯುವುದು ಹೆಚ್ಚುಕಡಿಮೆ ಈ ಪಟ್ಟಿಯಲ್ಲಿಯೇ. ಅವರಿಗಿಂತ ಒಳಗೆ ‘ಇನ್’, ಅವರ ಪಕ್ಕದಲ್ಲಿ ‘ಕವರ್’, ನಡುವೆ ‘ಸೆಂಟರ್’. ದಾಳಿಗಾರನು ಬೋನಸ್ ರೇಖೆಯತ್ತ ಬಲಗಾಲನ್ನು ಚಾಚಿದ ಕ್ಷಣದಲ್ಲಿ ಕಾರ್ನರ್ ಮೊಣಕಾಲೂರಿ ಎರಡು ಕೈಗಳಿಂದ ಅವನ ಹರಡನ್ನು ಹಿಡಿಯುತ್ತಾನೆ. ಆದರೆ ಹಿಡಿತವು ಅಲ್ಲಿಗೆ ಮುಗಿಯಲಿಲ್ಲ. ಎಂಬತ್ತು ಕಿಲೋ ತೂಗುವ ಮನುಷ್ಯನು ಇನ್ನೊಂದು ಕಾಲಿನ ಮೇಲೆ ಕುಪ್ಪಳಿಸಿ, ಹಿಡಿದವನನ್ನೇ ಎಳೆದುಕೊಂಡು, ಮಧ್ಯರೇಖೆಗೆ ಕೈಚಾಚಬಲ್ಲನು. ಅರ್ಧ ಸೆಕೆಂಡಿನೊಳಗೆ ಕವರ್ ಬಂದು ಎದೆಯಿಂದ ತಡೆದರೆ ಅಥವಾ ಭುಜದಿಂದ ಹೊರಕ್ಕೆ ದೂಡಿದರೆ ಅಂಕ. ಬಾರದಿದ್ದರೆ ಕಾರ್ನರನೇ ಔಟು. ಅಂಕ ಬಂದರೆ ಹಿಡಿದವನ ಹೆಸರಿಗೆ, ಬಾರದಿದ್ದರೆ ತಪ್ಪೂ ಅವನ ಹೆಸರಿಗೇ. ಓಡಿಬಂದವನ ವಿಷಯವಾಗಿಯಾಗಲಿ, ಓಡಿಬಾರದವನ ವಿಷಯವಾಗಿಯಾಗಲಿ ಲೆಕ್ಕದ ಪುಸ್ತಕವು ಮೌನ.

ನಿಯಮಗಳು ಬದಲಾದಂತೆ ರಕ್ಷಕನ ಬೆಲೆಯೂ ಬದಲಾಯಿತೆಂಬುದನ್ನು ಹಳೆಯ ಮೂರು ಪ್ರಭೇದಗಳಿಂದ ಊಹಿಸಬಹುದು. ‘ಅಮರ್’ ಪ್ರಭೇದದಲ್ಲಿ ಮುಟ್ಟಿಸಿಕೊಂಡವನು ಅಂಗಣ ಬಿಡುತ್ತಿರಲಿಲ್ಲ, ಎದುರಾಳಿಗೆ ಅಂಕ ಮಾತ್ರ ಸೇರುತ್ತಿತ್ತು. ‘ಗೆಮಿನಿ’ಯಲ್ಲಿ ಹೊರಗೆ ಹೋದವನು ತನ್ನ ತಂಡವೆಲ್ಲ ಹೊರಬೀಳುವ ತನಕ ಹೊರಗೇ, ಅಂತಹ ಆಟದಲ್ಲಿ ಸಾಹಸದ ಹಿಡಿತಕ್ಕಿಂತ ಹಿಂಜರಿಕೆಯೇ ವಿವೇಕವಾಗಿರಬೇಕು. ‘ಸಂಜೀವಿನಿ’ಯಲ್ಲಿ ಒಂದು ಹಿಡಿತವು ಎದುರಾಳಿಯೊಬ್ಬನನ್ನು ಹೊರಗೆ ಕಳುಹಿಸುವುದಲ್ಲದೆ ನಮ್ಮವನೊಬ್ಬನನ್ನು ಒಳಗೆ ಕರೆತರುತ್ತದೆ. 1950ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟವು ಹುಟ್ಟಿ, ಸಂಜೀವಿನಿ ಪದ್ಧತಿಯೇ ದೇಶಕ್ಕೆಲ್ಲ ಪ್ರಮಾಣವಾಗಿ ನಿಂತಮೇಲೆ, ಹಿಡಿಯುವವನ ಕೌಶಲವು ಆಟದ ತಕ್ಕಡಿಯಲ್ಲಿ ದಾಳಿಗಾರನ ಕೌಶಲಕ್ಕೆ ಸರಿದೂಗುವಂತಾಯಿತು. ಜನರ ಮನಸ್ಸಿನಲ್ಲಿ ಮಾತ್ರ ಆಗಲಿಲ್ಲ.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಕಬಡ್ಡಿಯನ್ನು ಹೊರದೇಶದವರಿಗೆ ತೋರಿಸಿದುದು 1936ರಲ್ಲಿ; ಅದೇ ವರ್ಷದ ಫೆಬ್ರವರಿ 8ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಅಲ್ಲಿಯ ಒಂಬತ್ತು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಗಳ ಒಡೆಯರು ಸೇರಿ, ಕಾಲೇಜುಗಳಿಂದ ಹೊರಬರುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದರು. ಆ ಆಟದಲ್ಲಿ ಚೆಂಡನ್ನು ಎಸೆಯುವವನ ಮುಂದೆ ಐದು ಮಂದಿ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ; ಚೆಂಡನ್ನು ಅವರು ಎಸೆಯುವವರಲ್ಲ, ಹಿಡಿದು ಓಡುವವರೂ ಅಲ್ಲ; ನಮ್ಮ ರಕ್ಷಕರಂತೆಯೇ, ಅವರ ಕೆಲಸ ಸರಿಯಾಗಿ ನಡೆದಾಗ ನೋಡುವವರಿಗೆ ಕಾಣುವುದು ಏನೂ ಇಲ್ಲ. ಅವರನ್ನು ಅಳೆಯುವುದು ಆಗ ಎಷ್ಟು ಸಡಿಲವಾಗಿತ್ತೆಂದರೆ, ಷಿಕಾಗೋ ತಂಡದ ಜಾರ್ಜ್ ಹ್ಯಾಲಸ್ ಮೊದಲ ಸುತ್ತಿನಲ್ಲಿ ಜೋ ಸ್ಟೈಡಹಾರ್ ಎಂಬ ಬೃಹತ್ಕಾಯ ತಡೆಗಾರನನ್ನು ಆರಿಸಿದರೆ, ಕೊನೆಯ, ಅಂದರೆ ಒಂಬತ್ತನೆಯ, ಸುತ್ತಿನಲ್ಲಿ ಡ್ಯಾನಿ ಫೋರ್ಟ್‌ಮನ್ ಎಂಬವನನ್ನು ‘ಹೆಸರು ಕೇಳಲು ಚೆನ್ನಾಗಿದೆ’ ಎಂಬ ಕಾರಣಕ್ಕೆ ಆರಿಸಿದನೆಂದು ಕಥೆ. ಇಬ್ಬರೂ ಆ ಆಟದ ಕೀರ್ತಿಮಂದಿರವನ್ನು ಸೇರಿದರು. ಮೊದಲ ಆಯ್ಕೆಗೂ ಕೊನೆಯ ಆಯ್ಕೆಗೂ ಒಂದೇ ಫಲ ದೊರೆತ ಮೇಲೆ ಪರೀಕ್ಷಕನ ಜಾಣ್ಮೆಯನ್ನು ಏನೆಂದು ಹೊಗಳೋಣ!

ತರುವಾಯದ ಕಾಲದಲ್ಲಿ ಅಮೆರಿಕದ ತಂಡದವರು ಯಂತ್ರಕ್ಕೆ ಮೊರೆಹೊಕ್ಕರು, ಮತ್ತು ಆ ಯಂತ್ರಕ್ಕೆ ಬುದ್ಧಿ ಕಲಿಸಿದವನು ನಮ್ಮ ದೇಶದವನೆಂಬುದು ಸ್ವಾರಸ್ಯ. 1960ರ ದಶಕದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ತನ್ನ ಆಯ್ಕೆಗಳಿಗೆ ಗಣಕಯಂತ್ರವನ್ನು ಬಳಸಲು ನಿಶ್ಚಯಿಸಿದಾಗ ಆ ಕಾರ್ಯವನ್ನು ವಹಿಸಿಕೊಂಡವನು ಸಲಾಂ ಕುರೇಶಿ ಎಂಬ ಭಾರತೀಯ ಸಂಖ್ಯಾಶಾಸ್ತ್ರಜ್ಞ. ಫುಟ್‌ಬಾಲಿನ ಗಂಧವೂ ಅವನಿಗಿರಲಿಲ್ಲ. ಪರೀಕ್ಷಕರು ಪಟ್ಟಿಮಾಡಿಕೊಟ್ಟ ನೂರಾರು ಗುಣಗಳನ್ನು ಅವನು ಸೋಸಿ ಸೋಸಿ ಐದಕ್ಕೆ ಇಳಿಸಿದನು: ಶೀಲ, ಚುರುಕು ಹಾಗೂ ಮೈಹತೋಟಿ, ಸ್ಪರ್ಧಾಭಾವ, ಬುದ್ಧಿಯ ಎಚ್ಚರ, ಬಲ. ಆದರೂ ಅಳತೆಗೋಲು ಕೈಕೊಟ್ಟ ಪ್ರಸಂಗಗಳು ಅಲ್ಲಿ ವಿರಳವಲ್ಲ. ಟೋನಿ ಮ್ಯಾಂಡರಿಚ್ ಎಂಬ ತಡೆಗಾರನು ತೂಕ ಎತ್ತುವುದರಲ್ಲಿಯೂ ಓಟದಲ್ಲಿಯೂ ಎಲ್ಲರನ್ನೂ ಬೆರಗುಗೊಳಿಸಿ 1989ರಲ್ಲಿ ಗ್ರೀನ್ ಬೇ ತಂಡಕ್ಕೆ ಎರಡನೆಯ ಸ್ಥಾನದಲ್ಲಿ ಆಯ್ಕೆಯಾದನು. ನಾಲ್ಕು ವರ್ಷ ತುಂಬುವುದರೊಳಗೆ ಆ ತಂಡ ಅವನನ್ನು ಕೈಬಿಟ್ಟಿತು. ಮೈಯನ್ನು ಬೆಳೆಸಿದ್ದು ನಿಷಿದ್ಧ ಮದ್ದೆಂಬುದನ್ನು 2008ರಲ್ಲಿ ಅವನೇ ಒಪ್ಪಿಕೊಂಡನು.

ಮುಂಬಯಿಗೆ ಮರಳೋಣ. ಈ ನಗರದಲ್ಲಿ ಆಟಗಾರನ ಪರೀಕ್ಷೆಯೆಂದರೆ ದೀರ್ಘಕಾಲ ನೌಕರಿಯ ಪರೀಕ್ಷೆಯೇ ಆಗಿದ್ದಿತು. ಲಾಲಬಾಗ್, ಪರೇಲ್, ಪ್ರಭಾದೇವಿಗಳ ಗಿರಣಿ ವಸತಿಗಳಲ್ಲಿ ಕೆಂಪು ಮಣ್ಣಿನ ಮೇಲೆ ಬೆಳೆದ ಈ ಆಟವನ್ನು ರೈಲ್ವೆ, ಬಂದರು, ಬ್ಯಾಂಕು, ವಿಮಾನಯಾನ, ತೈಲ ಸಂಸ್ಥೆ ಮತ್ತು ಕಾರ್ಖಾನೆಗಳ ತಂಡಗಳು ಪೋಷಿಸಿದವು; ಇಲ್ಲಿನ ಕಬಡ್ಡಿಗೆ ಶಂಕರರಾವ್ ಸಾಳ್ವಿಯವರಂತಹ ಸಂಘಟಕರು ದೊರೆತರು. ಅಂತರ ವಿಶ್ವವಿದ್ಯಾನಿಲಯ ಪಂದ್ಯದಲ್ಲಿ ಆಡಿದ ಪ್ರಮಾಣಪತ್ರವು ಬ್ಯಾಂಕಿನ ಮೇಜಿನವರೆಗೆ ದಾರಿ ತೆರೆಯಬಲ್ಲುದಾಗಿತ್ತು. ಆಯ್ಕೆಗಾರರೆಂದರೆ ಹಿಂದಿನ ತಲೆಮಾರಿನ ಆಟಗಾರರೇ. ಅವರು ಅಳತೆ ತೆಗೆಯುತ್ತಿರಲಿಲ್ಲ. ಹುಡುಗನ ಹೆಜ್ಜೆಯನ್ನು, ಅವನ ದೃಷ್ಟಿ ದಾಳಿಗಾರನ ಮುಖದ ಮೇಲಿದೆಯೋ ಸೊಂಟದ ಮೇಲಿದೆಯೋ ಎಂಬುದನ್ನು, ಒಮ್ಮೆ ಕೈತಪ್ಪಿದ ಮೇಲೆ ಮರುದಾಳಿಯಲ್ಲಿ ಅವನು ಹಿಂಜರಿದನೋ ಎಂಬುದನ್ನು ನೋಡುತ್ತಿದ್ದರು. ಈ ಕಣ್ಣಿನ ಪರೀಕ್ಷೆಯನ್ನು ನಾನು ಹಗುರಾಗಿ ಕಾಣುವವನಲ್ಲ. ಅದರ ದೋಷವೇನೆಂದರೆ ಅದು ಬರಹಕ್ಕೆ ಇಳಿಯಲಿಲ್ಲ, ಮತ್ತು ಆಯ್ಕೆಗಾರರ ಮೈದಾನದ ಆಚೆ ಹೆಚ್ಚಾಗಿ ಹೋಗಲಿಲ್ಲ. ರಾಜ್ಯದ ಪಂದ್ಯಗಳಲ್ಲಿ ಬಹುಕಾಲ ಮುಂಬಯಿ ನಗರ, ಮುಂಬಯಿ ಉಪನಗರ ಎಂದು ಎರಡು ಜಿಲ್ಲಾ ತಂಡಗಳಿದ್ದವು. ಘಾಟ್ಕೋಪರ್ ಎರಡನೆಯದಕ್ಕೆ ಸೇರಿತ್ತು.

ಕರಾವಳಿಯಿಂದ ಬಂದ ನಮ್ಮವರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಪ್ರಥಮ ವಿಶ್ವಕಪ್ ಕಬಡ್ಡಿಯು 2004ರ ನವೆಂಬರಿನಲ್ಲಿ ನಡೆದುದು ಮುಂಬಯಿಯ ಸೌತ್ ಕೆನರಾ ಸ್ಪೋರ್ಟ್ಸ್ ಕ್ಲಬ್ಬಿನ ಅಂಗಣದಲ್ಲಿ. ಅಂತಿಮ ಪಂದ್ಯದಲ್ಲಿ ಭಾರತವು ಇರಾನನ್ನು 55–27ರಿಂದ ಸೋಲಿಸಿತು. ಆದರೆ ಮುಂಬಯಿಯಲ್ಲಿ ಬೆಳೆದು ಮನೆಮಾತಾದ ದೇವಾಡಿಗ ಕುಲನಾಮದ ರಿಶಾಂಕ್ ಕೂಡ ದಾಳಿಗಾರನೇ. ಕಾರ್ಕಳದ ಸುಕೇಶ್ ಹೆಗ್ಡೆಯೂ ದಾಳಿಗಾರನೇ. ಹಿಡಿಯುವವರ ಹೆಸರುಗಳು ನಮ್ಮ ನೆನಪಿಗೆ ಅಷ್ಟು ಬೇಗ ಬರುವುದಿಲ್ಲ.

ವರ್ಸೋವಾ ಘಾಟ್ಕೋಪರ್ ಮೆಟ್ರೊ ಓಡಲಾರಂಭಿಸಿದ 2014ರ ಬೇಸಗೆಯಲ್ಲಿಯೇ ಪ್ರೊ ಕಬಡ್ಡಿ ಲೀಗಿನ ಮೊದಲ ಹರಾಜು ಮುಂಬಯಿಯಲ್ಲಿ ನಡೆಯಿತು; ಜುಲೈ 26ರಂದು ವರಳಿಯಲ್ಲಿ ಮೊದಲ ಪಂದ್ಯ. ಆ ಹರಾಜಿನ ಅತ್ಯುಚ್ಚ ಬೆಲೆ, ರಾಕೇಶ್ ಕುಮಾರ್‌ಗೆ ಪಟ್ನಾ ಕೊಟ್ಟ 12.80 ಲಕ್ಷ ರೂಪಾಯಿ. ರಕ್ಷಕನ ಗುಣಪರೀಕ್ಷೆಗೆ ಹಣದ ಅಂಕೆಯೊಂದು ಸಿಕ್ಕಿದುದು ಆಗಲೇ. ಲೀಗಿನಲ್ಲಿ ಈ ನಗರದ್ದಾದ ಯು ಮುಂಬಾ ತಂಡದ ಮೊದಲ ಮೂರು ಋತುಗಳನ್ನು ನಾನು ಈ ವಿಷಯದ ಅತ್ಯುತ್ತಮ ಪ್ರಯೋಗವೆಂದು ಎಣಿಸುತ್ತೇನೆ. ಎಡ ಮೂಲೆಯಲ್ಲಿ ಸುರೇಂದರ್ ನಾಡಾ, ಬಲ ಮೂಲೆಯಲ್ಲಿ ಮೋಹಿತ್ ಛಿಲ್ಲರ್, ಕವರಿನಲ್ಲಿ ಜೀವಾ ಕುಮಾರ್ ಮತ್ತು ಮುಂಬಯಿಯವನೇ ಆದ ವಿಶಾಲ್ ಮಾನೆ: ಈ ಕೂಟದ ಬಲದಿಂದ ತಂಡವು ಮೂರು ಸಲವೂ ಅಂತಿಮ ಪಂದ್ಯವನ್ನು ಮುಟ್ಟಿತು, 2015ರಲ್ಲಿ ಬೆಂಗಳೂರು ಬುಲ್ಸ್ ತಂಡವನ್ನು 36–30ರಿಂದ ಸೋಲಿಸಿ ಕಿರೀಟವನ್ನೂ ಪಡೆಯಿತು. 2016ರ ಹರಾಜಿನಲ್ಲಿ ಕೂಟ ಒಡೆಯಿತು. ಬೆಂಗಳೂರಿನವರು ಛಿಲ್ಲರನಿಗೆ ಆ ವರ್ಷದ ಅತ್ಯುಚ್ಚ ಬೆಲೆಯಾದ 53 ಲಕ್ಷವನ್ನು ತೆತ್ತು, ನಾಡಾನನ್ನೂ ತಮ್ಮಲ್ಲಿಗೆ ಕರೆತಂದರು. ಜೀವಾ ಕುಮಾರನನ್ನು 40 ಲಕ್ಷಕ್ಕೆ ಮುಂಬಯಿ ಉಳಿಸಿಕೊಂಡಿತು. ಮೂಲೆಗಳು ಒಂದು ಊರಿಗೆ, ಕವರು ಇನ್ನೊಂದು ಊರಿಗೆ. ಆ ಋತುವಿನಲ್ಲಿ ಉಪಾಂತ್ಯವನ್ನು ತಲುಪಿದವರು ಪಟ್ನಾ, ಪುಣೆ, ಜೈಪುರ ಮತ್ತು ತೆಲುಗು ಟೈಟನ್ಸ್. ಮುಂಬಯಿಯೂ ಇಲ್ಲ, ಬೆಂಗಳೂರೂ ಇಲ್ಲ. ಸೋಲಿಗೆ ಕಾರಣಗಳು ಹಲವಿದ್ದಿರಬಹುದು. ಆದರೆ ನಾಲ್ವರ ಹೊಂದಾಣಿಕೆಯ ಫಲವನ್ನು ಬಿಡಿಬಿಡಿಯಾಗಿ ಇಬ್ಬರ ಬೆಲೆಪಟ್ಟಿಗೆ ಬರೆದುದು ಅವುಗಳಲ್ಲಿ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆನಂತರ ಬೆಲೆಗಳು ಏರಿದ ಬಗೆ ಸರ್ವವಿದಿತ. 2018ರಲ್ಲಿ ಈ ಲೀಗಿನಲ್ಲಿ ಒಂದು ಕೋಟಿ ರೂಪಾಯಿಯ ಗಡಿಯನ್ನು ಮೊದಲು ಮುಟ್ಟಿದವನು ದಾಳಿಗಾರನಲ್ಲ, ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ. ಕೊಂಡವರು ಯು ಮುಂಬಾ. ಅದೇ ಋತುವಿನಲ್ಲಿ ಉತ್ತರ ಪ್ರದೇಶದ ತಂಡದ ನಿತೇಶ್ ಕುಮಾರ್ ಒಂದೇ ಋತುವಿನಲ್ಲಿ ನೂರು ಹಿಡಿತದ ಅಂಕಗಳನ್ನು ಪಡೆದ ಪ್ರಥಮ ರಕ್ಷಕನಾದನು. 2023ರಲ್ಲಿ ಪುಣೆಯವರು ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟರು, ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯಲ್ಲಿ ಆ ತಂಡವು 2024ರ ಮಾರ್ಚ್ 1ರಂದು ಹರಿಯಾಣವನ್ನು 28–25ರಿಂದ ಸೋಲಿಸಿತು. ಇಂತಹ ಅಲ್ಪಾಂಕದ ಅಂತಿಮ ಪಂದ್ಯವು ಹಿಡಿಯುವವರ ಪಂದ್ಯವೆಂದು ಬೇರೆ ಹೇಳಬೇಕಿಲ್ಲ.

ಆದರೆ ಇವರೆಲ್ಲ ಸಿದ್ಧವಾದ ಆಟಗಾರರು. ಕಾಲೇಜಿನ ಹುಡುಗನ ಪ್ರಶ್ನೆ ಬೇರೆ. 2017ರಲ್ಲಿ ಲೀಗಿನವರು ಹೊಸ ಹುಡುಗರನ್ನು ಹುಡುಕಲು ಪ್ರತ್ಯೇಕ ಶಿಬಿರಗಳನ್ನು ಏರ್ಪಡಿಸಿದರು. 2023ರ ಹರಾಜಿನ ಪಟ್ಟಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಅಂತಿಮ ಪಂದ್ಯವಾಡಿದ ಎರಡು ತಂಡಗಳ 24 ಆಟಗಾರರನ್ನು ಸೇರಿಸಲಾಯಿತು. ಆ ಹರಾಜಿನಲ್ಲಿ ಕೊನೆಯ ವರ್ಗದ ಮೂಲಬೆಲೆಯೇ 9 ಲಕ್ಷ. ಸರದಿಯ ಆಯ್ಕೆಗೆ ನಮ್ಮಲ್ಲಿ ಇದಕ್ಕಿಂತ ಹತ್ತಿರವಾದುದಿಲ್ಲ, ಆದರೂ ನನಗೆ ಇದರಲ್ಲಿ ಒಂದು ಕೊರತೆ ಕಾಣುತ್ತದೆ. ಅಂತಿಮ ಪಂದ್ಯವನ್ನು ಮುಟ್ಟಿದ ತಂಡದ ಹನ್ನೆರಡು ಮಂದಿಗೂ ಬಾಗಿಲು ತೆರೆಯಿತು. ಎರಡನೆಯ ಸುತ್ತಿನಲ್ಲಿ ಸೋತ ತಂಡದ ಎಡ ಕಾರ್ನರ್, ಎದುರಾಳಿಯು ತನ್ನ ಮಗ್ಗುಲಿಗೆ ಬರದಂತೆ ಇಡೀ ಪಂದ್ಯ ಕಾದವನು, ಹೊರಗೇ ಉಳಿದನು. ಅಂಕದ ಲೆಕ್ಕವೂ ಅವನ ನೆರವಿಗೆ ಬರುವುದಿಲ್ಲ. ವೃತ್ತಿಪರ ಆಟದಲ್ಲಿ ಎರಡು ಖಾಲಿ ದಾಳಿಗಳ ಮೇಲೆ ಮೂರನೆಯದರಲ್ಲಿ ದಾಳಿಗಾರನು ಅಂಕ ತರಲೇಬೇಕು, ಇಲ್ಲವೇ ಔಟಾಗಬೇಕು. ಮೊದಲಿನ ಎರಡು ದಾಳಿಗಳನ್ನು ಬರಿದಾಗಿಸಿದವರ ಶ್ರಮದ ಫಲವನ್ನು ಮೂರನೆಯದರಲ್ಲಿ ಹಿಡಿದವನೊಬ್ಬನೇ ಉಣ್ಣುತ್ತಾನೆ. ಹಿಡಿತದ ಸಫಲತೆಯ ಶೇಕಡಾವಾರು ಲೆಕ್ಕವಂತೂ ಮೋಸದ್ದು: ತೀರ ಸುಲಭವಾದಾಗ ಮಾತ್ರ ಪ್ರಯತ್ನಿಸುವ ಅಂಜುಬುರುಕನ ಶೇಕಡಾ ಅಂಕೆ ಸದಾ ಸುಂದರವಾಗಿರುತ್ತದೆ.

ಉಪನಗರದ ಕಾಲೇಜುಗಳಲ್ಲಿ ಕಬಡ್ಡಿ ಕಲಿಸುವವರಿಗೂ, ಊರಿನ ಹೆಸರಿನಲ್ಲಿ ಪಂದ್ಯಗಳನ್ನು ನಡೆಸುವ ನಮ್ಮ ಕನ್ನಡ ಸಂಘಗಳಿಗೂ ನನ್ನದೊಂದು ಬಿನ್ನಹ. ಅಂಕ ಬರೆಯುವ ಮೇಜಿನ ಬಳಿ ಇನ್ನೊಬ್ಬನನ್ನು ಕೂರಿಸಿ, ಪ್ರತಿಯೊಂದು ದಾಳಿಯೂ ಯಾವ ಮಗ್ಗುಲಿಗೆ ಹೋಯಿತು, ಯಾವ ಮಗ್ಗುಲನ್ನು ಬಿಟ್ಟಿತು, ಮೊದಲು ಹಿಡಿದವನಾರು, ಎರಡನೆಯವನಾಗಿ ಬಂದವನಾರು ಎಂಬ ನಾಲ್ಕು ಸಂಗತಿಗಳನ್ನು ಬರೆಯಿಸಿರಿ. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ, ಗೆರೆಯೆಳೆದ ಒಂದು ನೋಟುಪುಸ್ತಕ ಸಾಕು.